ಎರಡು ಬೆರಳು ಬಿಗಿ

ಅಂಗಡಿಯಿಂದ,
ತಾರೀಖು ಹದಿನಾಲ್ಕು, ಶನಿವಾರ ಮಧ್ಯಾಹ್ನ

ಪ್ರೀತಿಯ ತಂಗಿ ಗುಬ್ಬಿಗೆ,

ಅಣ್ಣನ ಆಶೀರ್ವಾದ, ತೆಗೆದುಕೊಳ್ಳುವ ಮನಸ್ಸು ನಿನಗಿದ್ದರೆ. ಹೇಗಿದ್ದೀಯ? ಗಂಟುಗಳ ನೋವು ಈಗ ಹೇಗಿದೆ? ಬೆಳಿಗ್ಗೆ ಎದ್ದಾಗ ಬೆರಳು ಮಡಚಲು ಬರುತ್ತದೆಯೇ? ಇಷ್ಟು ಬರೆದು ಪೆನ್ನು ಕೆಳಗಿಟ್ಟು, ಎದ್ದುಹೋಗಿ ನೀರು ಕುಡಿದು ಬಂದೆ. ಯಾಕೆ ಗೊತ್ತೇ? ಇದರ ಬೆನ್ನಿಗೇ ‘ಬಿಸಿ ನೀರಲ್ಲಿ ಕೈ ಅದ್ದಿಟ್ಟುಕೋ, ಸಿಹಿ ಬಿಡು, ಸಂಜೆ ಹೊತ್ತು ನಡಿ’ ಎಂದು ನನ್ನ ಕೈ ತಾನಾಗಿಯೇ ಬರೆಯಲು ಹೊರಟಿತ್ತು. ಮೊದಲ ಹಾಳೆಯಲ್ಲಿ ಬರೆದೂಬಿಟ್ಟಿದ್ದೆ. ಅದನ್ನು ಹರಿದುಹಾಕಿದೆ, ಇದು ಎರಡನೆಯ ಹಾಳೆ. ಆದ್ದರಿಂದ ಈ ಕಾಗದದಲ್ಲಿ ನಿನ್ನ ಆರೋಗ್ಯದ ಬಗ್ಗೆ ಬರೀ ಪ್ರಶ್ನೆಗಳಿವೆ. ಉತ್ತರ ಬರೆಯಬೇಕೆನಿಸಿದರೆ ಬರೆ, ಇಲ್ಲದಿದ್ದರೆ ಬಿಡು. ನಿನಗೆ ಗಂಟುನೋವಿದೆಯೆಂದು, ಅದಕ್ಕೆ ತೆಗೆದುಕೊಳ್ಳುವ ಮಾತ್ರೆಯಿಂದ ಮೈ ಊದಿಕೊಂಡಿದೆಯೆಂದು ನನಗೆ ಹೇಗೆ ತಿಳಿಯಿತು ಎಂಬುದನ್ನು ಮುಂದೆ ಬರೆಯುತ್ತೇನೆ. ಓದುವ ಮೊದಲೇ ನಿನ್ನ ಅತ್ತಿಗೆಯ ಮೇಲೆ ಸಿಟ್ಟಾಗಬೇಡ. ಪಾಪ, ಅವಳು ನಿನಗೆ ಕೊಟ್ಟ ಮಾತನ್ನು ಕೈಲಾದಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡಿದ್ದಳು.

ಫೋನಿನಲ್ಲೇ ಹೇಳಬಹುದಿತ್ತಲ್ಲ, ಕಾಗದ ಯಾಕೆ ಎಂದು ಅಂದುಕೊಳ್ಳುತ್ತೀಯ. ಹೇಳಲು ಎಷ್ಟೋ ಸಲ ಹೊರಟೆ. ನಿನಗೆ ಹೊಲಿದು ಕಳಿಸಿದ ಕೋಟಿನ ಮಾತು ನಾನು ತೆಗೆದ ಕೂಡಲೇ ನೀನು “ಹೋಗ್ಲಿ ಬಿಡಣ್ಣ, ಅದೇನು ದೊಡ್ಡ ವಿಷಯ” ಎನ್ನುತ್ತೀಯ. ನೀನು ಹಾಗೆಂದಾಗ ನನಗೆ ಎಷ್ಟು ಹಾಯೆನಿಸುತ್ತದೆಂದರೆ, ಹೇಳಬೇಕಾದ್ದನ್ನು ನುಂಗಿಕೊಂಡು ಬಿಸಿಲು, ಸೆಖೆ, ಕರೆಂಟು ಎಂದು ಮಾತು ತಿರುಗಿಸಿಬಿಡುತ್ತೇನೆ. ಕಾಗದವಾದರೆ ನಡುವೆ ಬಾಯಿ ಹಾಕಿ ಸಮಾಧಾನ ಹೇಳುವುದಿಲ್ಲ.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಅತ್ತಿಗೆ ಕ್ಷೇಮ, ಹೊಲಿಗೆ ಯಂತ್ರ ಕ್ಷೇಮ, ಗುಂಡಿ ಹಚ್ಚುವ ನಮ್ಮ ಕಾಜಾ ಅಕ್ಕನೂ ಕ್ಷೇಮ. ದೊಡ್ಡ ಸುದ್ದಿಯೆಂದರೆ ನನಗೆ ಕನ್ನಡಕ ಬಂದಿದೆ. ನೀನು ಹೇಳಿದೆಯೆಂದು ಅತ್ತಿಗೆ ಕೈ ಹಿಡಿದು ಎಳೆದುಕೊಂಡೇ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದಳು. ಕನ್ನಡಕ ಹಾಕಿಕೊಂಡು ಬೀದಿಗೆ ಕಾಲಿಟ್ಟದ್ದೇ ತಡ, ಊರಿಗೆ ಊರೇ ನನಗೆ ವೈದ್ಯನಾಯಿತು ನೋಡು. ಬೇಕರಿಯವನು ಕ್ಯಾರೆಟ್ ತಿನ್ನಿ ಎಂದ. ಅವನ ಹೆಂಡತಿ ಕ್ಯಾರೆಟ್ಟಿನಿಂದ ಏನೂ ಆಗುವುದಿಲ್ಲ, ಕಣ್ಣಿಗೆ ತಣ್ಣೀರು ಹೊಡೆಯಿರಿ ಎಂದಳು. ಔಷಧಿ ಅಂಗಡಿಯ ಹುಡುಗಿ ಇಷ್ಟು ದೊಡ್ಡ ಫ್ರೇಮು ನಿಮ್ಮ ಮುಖಕ್ಕೆ ಒಪ್ಪುವುದಿಲ್ಲ ಎಂದಳು, ನಾನು ಕೇಳಲು ಹೋದದ್ದು ನೆಗಡಿ ಮಾತ್ರೆ. ಎಲ್ಲರಿಗಿಂತ ಹೆಚ್ಚಿನವನು ನಮ್ಮ ಪೋಸ್ಟ್‌ಮ್ಯಾನು. ಸೈಕಲ್ಲಿನಿಂದ ಇಳಿಯಲೂ ಇಲ್ಲ, ಒಂದು ಕಾಲು ನಮ್ಮ ಅಂಗಡಿಯ ಮೆಟ್ಟಿಲ ಮೇಲಿಟ್ಟು, “ಸಾಕು ಮಾಸ್ಟ್ರೇ, ಇನ್ನು ಸೂಜಿ ದಾರ ಬಿಟ್ಟುಬಿಡಿ, ವಯಸ್ಸಾಯ್ತು, ಆರಾಮಾಗಿ ಮನೇಲಿರಿ” ಎಂದು ನನ್ನ ಇಡೀ ಬಾಳಿಗೆ ತೀರ್ಮಾನ ಕೊಟ್ಟು ಪೆಡಲು ತುಳಿದು ಹೊರಟೇಹೋದ. ಮೈಯೆಲ್ಲ ಉರಿದುಹೋಯಿತು. ನನ್ನ ಕೈಕೆಲಸದ ಬಗ್ಗೆ, ನನ್ನ ಖರ್ಚಿನ ಬಗ್ಗೆ, ಈ ಮೇಜಿನ ಮುಂದೆ ನಿಲ್ಲದಿದ್ದರೆ ನನಗೆ ಉಸಿರು ಕಟ್ಟುತ್ತದೆ ಎಂಬುದರ ಬಗ್ಗೆ ಇವನಿಗೇನು ಗೊತ್ತು? ಹೀಗೆ ಬೈದುಕೊಳ್ಳುತ್ತಲೇ ಇದ್ದವನು ನಡುವೆ ನಿಂತುಬಿಟ್ಟೆ. ಇದೇ ಪೋಸ್ಟ್‌ಮ್ಯಾನಿಗೆ ಹೋದ ವರ್ಷ, ಪ್ಯಾಂಟಿನ ಅಳತೆ ತೆಗೆಯುತ್ತ, ಮಗಳನ್ನು ಅಷ್ಟು ಓದಿಸಬೇಡ ಎಂದು ಹೇಳಿದವನು ನಾನೇ. ಕೂತೂ ಹೇಳಿರಲಿಲ್ಲ, ಮೊಣಕಾಲೂರಿ ಅವನ ಕಾಲಿನ ಉದ್ದ ಅಳೆಯುತ್ತ ಹೇಳಿದ್ದೆ.

ನಿನಗೆ ನಗು ಬರುತ್ತಿರಬಹುದು. ನಗು, ಪರವಾಗಿಲ್ಲ. ಟೈಲರ್ ಎಂದರೆ ಎಂಥ ಜಾಗದಲ್ಲಿ ನಿಂತಿರುತ್ತಾನೆ ಯೋಚಿಸು. ಮನುಷ್ಯರು ಕೈ ಎತ್ತಿಕೊಂಡು ಅಲುಗಾಡದೆ ನಮ್ಮ ಮುಂದೆ ನಿಲ್ಲುತ್ತಾರೆ. ತಪ್ಪಿಸಿಕೊಂಡು ಹೋಗುವ ಹಾಗಿಲ್ಲ, ಮೈಸುತ್ತ ಟೇಪಿರುತ್ತದೆ. ಆ ಹೊತ್ತಿನಲ್ಲಿ ನಾನು ಏನೇನು ಹೇಳಿಲ್ಲ! ಮದುವೆಯಾಗು ಎಂದಿದ್ದೇನೆ, ಇನ್ನೊಂದು ಮಗು ಮಾಡಿಕೊಳ್ಳಿ ಎಂದಿದ್ದೇನೆ, ಅಪ್ಪನ ಜೊತೆ ರಾಜಿಯಾಗು ಎಂದಿದ್ದೇನೆ. ಬೀಗ ರಿಪೇರಿಯವರು ನಿನಗೆ ನೆನಪಿರಬೇಕು, ಗುಂಡಗೆ ಇದ್ದರಲ್ಲ. ಪ್ಯಾಂಟುಗಳ ಸೊಂಟ ಸಣ್ಣ ಮಾಡಿಸಲು ಬಂದಿದ್ದರು. ನಾನು ಖುಷಿಯಿಂದ, “ಶಭಾಷ್, ಚೆನ್ನಾಗಿ ಇಳಿಸಿದ್ದೀರಿ, ಇದನ್ನು ಹೀಗೇ ಬಿಡದೆ ಕಾಪಾಡ್ಕೊಳ್ಳಿ” ಎಂದೆ. ಅವರು ಕೈ ಎತ್ತಿಕೊಂಡೇ, “ಅಡುಗೆ ಮಾಡೋಳು ಹೋಗ್ಬಿಟ್ಳು ಮಾಸ್ಟ್ರೇ, ಒಬ್ಬನೇ ಕೂತು ತಿನ್ನೋಕೆ ಆಗಲ್ಲ” ಎಂದರು. ಹೆಂಡತಿ ತೀರಿಕೊಂಡದ್ದು ನನಗೆ ಗೊತ್ತೇ ಇರಲಿಲ್ಲ. ಅವತ್ತು ನಾಲಿಗೆ ಕಚ್ಚಿಕೊಂಡೆ. ಮರುದಿನವೇ ಮರೆತೆ. ನೋಡು, ಅವತ್ತಾದರೂ ಬುದ್ಧಿ ಬಂದಿದ್ದರೆ ನಿನ್ನ ಕೋಟಿಗೆ ಈ ಗತಿ ಬರುತ್ತಿರಲಿಲ್ಲ.

ಇನ್ನು ಕೋಟಿನ ವಿಷಯಕ್ಕೇ ಬರುತ್ತೇನೆ. ಹುಟ್ಟಿದಾಗಿನಿಂದ ನೀನು ನನ್ನನ್ನು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಸಣ್ಣವಳಿದ್ದಾಗ ಗಿರಾಕಿಗಳ ಉಳಿದ ತುಂಡಿನಲ್ಲಿ ಹೊಲಿದುಕೊಟ್ಟ ಫ್ರಾಕುಗಳನ್ನು ತುಟಿ ಪಿಟಕ್ಕೆನ್ನದೆ ಹಾಕಿಕೊಂಡೆ. ಕೆಲಸಕ್ಕೆ ಸೇರಿದಾಗಲೂ ನನ್ನ ಕಣ್ಣಿಗೆ ಕಂಡ ಬಣ್ಣವನ್ನೇ ಹೊಲಿದೆ. ಈಗ ಗ್ರಂಥಾಲಯಕ್ಕೆ ಹೊಸ ಕಟ್ಟಡವಾಗಿ, ನೀನೇ ಅದರ ಮುಖ್ಯಸ್ಥೆಯಾಗಿ, ನಾಲ್ಕು ಜನ ದೊಡ್ಡವರ ಜೊತೆ ವೇದಿಕೆ ಮೇಲೆ ನಿಲ್ಲುವ ದಿನಕ್ಕೆಂದು “ಅಣ್ಣಾ, ಒಂದು ನೀಲಿ ಕೋಟು ಹೊಲಿದು ಕೊಡ್ತೀಯಾ? ನಿನ್ನ ಕೈಯಿಂದಾನೇ ಆಗ್ಬೇಕು” ಎಂದೆ. ಆ ಮಾತು ಕೇಳಿ ನಾನು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದೆ. ನೀನು ಅಳತೆ ಕೊಡಲು ಬಂದ ದಿನ ಅಂಗಡಿಯಲ್ಲಿ ಗಿರಾಕಿಗಳೂ ಇದ್ದರು. ನಿನ್ನನ್ನು ಕಂಡು ತಿಂಗಳುಗಟ್ಟಲೆ ಆಗಿತ್ತು, ಮುಖ ತುಂಬಿಕೊಂಡಿತ್ತು, ಕೊರಳು ದಪ್ಪಗಾಗಿತ್ತು. ನಾನು ಎಂದಿನಂತೆ ಟೇಪು ಹಿಡಿದು ಅಳತೆಗಳನ್ನು ಗಟ್ಟಿಯಾಗಿ ಕೂಗಿ ಹೇಳಿದೆ, ಕಾಜಾ ಅಕ್ಕ ಸೀಮೆಸುಣ್ಣದಲ್ಲಿ ರಟ್ಟಿನ ಮೇಲೆ ಬರೆದುಕೊಂಡಳು. ಸೊಂಟದ ಅಳತೆಗೆ ಬಂದಾಗ ಒಂದು ಸಲ ಕೂಗಿ, ಟೇಪು ತಪ್ಪಾಯಿತೇನೋ ಎಂಬಂತೆ ಮತ್ತೆ ಅಳೆದು, ಇನ್ನೂ ಗಟ್ಟಿಯಾಗಿ ಕೂಗಿದೆ. “ಗುಬ್ಬಿ ಅಂತ ಹೆಸರಿಟ್ಟಿದ್ದು ನಾವು, ನೀನು ನೋಡಿದ್ರೆ ಕೋಳಿ ಆಗಿದ್ದೀಯಲ್ಲೇ!” ಎಂದೆ. ಅಂಗಡಿಯಲ್ಲಿದ್ದವರು ನಕ್ಕರು. ಆಮೇಲೆ ಕುರ್ಚಿ ಕೆಲಸದಿಂದ ಹೀಗಾಗುತ್ತದೆ, ಹೊತ್ತಿಗೆ ಸರಿಯಾಗಿ ತಿನ್ನು, ಲಿಫ್ಟ್ ಹತ್ತಬೇಡ, ಮಲಗುವ ಮುಂಚೆ ತಿನ್ನುವುದನ್ನು ನಿಲ್ಲಿಸು ಎಂದು ತೋಳು ಅಳೆದು ಮುಗಿಯುವವರೆಗೂ ಹೇಳುತ್ತಲೇ ಹೋದೆ. ನೀನೂ ನಕ್ಕೆ. “ಆಯ್ತಣ್ಣ, ಮಾಡ್ತೀನಿ” ಎಂದೆ. ನಿನ್ನ ಕೈಬೆರಳು ಮಡಚಲು ಬರುತ್ತಿರಲಿಲ್ಲ ಎಂಬುದು, ನೀನು ಚಹಾದ ಲೋಟವನ್ನು ಎರಡು ಅಂಗೈಗಳ ನಡುವೆ ಹಿಡಿದು ಕುಡಿದೆ ಎಂಬುದು ನನಗೆ ಈಗ ನೆನಪಾಗುತ್ತಿದೆ. ಆಗ ನಾನು ಸೊಂಟ ನೋಡುತ್ತಿದ್ದೆ.

ಟ್ರಯಲ್‌ಗೆ ನಿಲ್ಲುತ್ತೇನೆ ಎಂದು ನೀನೇ ಹೇಳಿದ್ದೆ. ನಾನು ಬೇಡ ಎಂದೆ. ಇಷ್ಟು ವರ್ಷ ಕೈಯಾಡಿಸಿದವನಿಗೆ ತಂಗಿಯ ಕೋಟಿಗೆ ಟ್ರಯಲ್ ಏನು, ಹೊಲಿದು ಪಾರ್ಸೆಲ್ ಕಳಿಸುತ್ತೇನೆ ಎಂದು ಜಂಬ ಕೊಚ್ಚಿಕೊಂಡೆ. ಕೋಟು ಬಂದ ಮೇಲೆ ನೀನು ನನಗೆ “ಸ್ವಲ್ಪ ಬಿಗಿಯಾಯ್ತಣ್ಣ” ಎಂದಷ್ಟೇ ಹೇಳಿದೆ, ನಡೆದದ್ದನ್ನೆಲ್ಲ ಅತ್ತಿಗೆಗೆ ಹೇಳಿದೆ. ಗುಂಡಿ ಹಾಕಲು ಬರಲಿಲ್ಲವಂತೆ. ಸೊಂಟದಲ್ಲಿ, ಎದೆಯಲ್ಲಿ, ಕಂಕುಳಲ್ಲಿ ಎರಡು ಬೆರಳು ಬಿಗಿಯಂತೆ. ನಿನ್ನ ಊರಿನ ಟೈಲರ್ ಹತ್ತಿರ ಬಿಚ್ಚಿಸಿ ಸಡಿಲ ಮಾಡಿಸಲು ಹೋದೆಯಂತೆ. ಆತ ಅಸ್ತರು ಬಿಡಿಸಿ ನೋಡಿ, “ಒಳಗೆ ಹೆಚ್ಚಿನ ಬಟ್ಟೆ, ಮಾರ್ಜಿನ್ನೇ ಬಿಟ್ಟಿಲ್ಲ ಮೇಡಂ, ಬಿಚ್ಚಿದ್ರೆ ಏನೂ ಉಳಿಯಲ್ಲ. ಯಾರೋ ಕೆಲಸ ಬಾರದವರು ಹೊಲಿದಿದ್ದಾರೆ” ಎಂದನಂತೆ. ನಿನಗೆ ಸಿಟ್ಟು ಬಂದು, “ನಮ್ಮಣ್ಣ ಹೊಲಿದಿದ್ದು. ಅವನ ಕೈ ನಿಮಗೆ ಬರಲ್ಲ. ಪಾಪ, ಕಣ್ಣು ಸರಿಯಿಲ್ಲ, ಅದಕ್ಕೆ ತಪ್ಪಾಗಿದೆ ಅಷ್ಟೇ” ಎಂದು ಕೋಟು ಕಿತ್ತುಕೊಂಡು ಬಂದೆಯಂತೆ. ಬೇರೆ ಬಟ್ಟೆ ಹಾಕಿಕೊಂಡು ವೇದಿಕೆ ಹತ್ತಬಹುದಿತ್ತಲ್ಲ ಗುಬ್ಬಿ? ನೀನು ಹಾಗೆ ಮಾಡಲಿಲ್ಲ. ಅಣ್ಣ ಹೊಲಿದದ್ದು ಎಂದು ಅದನ್ನೇ ಹಾಕಿಕೊಂಡು, ಗುಂಡಿ ಹಾಕದೆ ನಿಂತೆ. ಫಲಕದ ಪರದೆ ಸರಿಸಲು ಹಗ್ಗ ಎಳೆಯಬೇಕಾಗಿ ಬಂದು ಕೈ ಎತ್ತಿದಾಗ ಕಂಕುಳಿನ ಹೊಲಿಗೆ ಪರ್ರನೆ ಬಿಟ್ಟಿತು, ಮೈಕು ಹತ್ತಿರವೇ ಇತ್ತು, ಸಭೆಗೆಲ್ಲ ಕೇಳಿಸಿತು, ಯಾರೋ ನಕ್ಕರು. ಆಮೇಲೆ ನೀನು ಮಾಡಿದ ಭಾಷಣವನ್ನು ಎಡಗೈ ಮೈಗೆ ಅಂಟಿಸಿಕೊಂಡೇ ಮಾಡಿದೆ.

ನನಗೆ ಅದೇನೂ ತಿಳಿಯದೆ, ನೀನು ಕಳಿಸಿದ ಫೋಟೋವನ್ನು ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ ಅಂಗಡಿಯಲ್ಲಿ ಕನ್ನಡಿಯ ಪಕ್ಕದಲ್ಲಿ ತೂಗುಹಾಕಿದ್ದೆ. ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. ಆದರೆ ನಾನು ಟೈಲರ್ ಅಲ್ಲವೇ, ಫೋಟೋದಲ್ಲಿ ಮುಖಕ್ಕಿಂತ ಮುಂಚೆ ಬಟ್ಟೆಯೇ ಕಾಣುತ್ತದೆ. ತಂಗಿ ಎಡಗೈ ಯಾಕೆ ಹೀಗೆ ಹಿಡಿದಿದ್ದಾಳೆ, ಪುಸ್ತಕವೊಂದನ್ನು ಪಕ್ಕೆಗೆ ಯಾಕೆ ಒತ್ತಿಕೊಂಡಿದ್ದಾಳೆ ಎಂದು ಅತ್ತಿಗೆಯನ್ನು ಕೇಳಿದೆ. ಮೊದಲು ಹಾರಿಕೆಯ ಮಾತಾಡಿದಳು. ನಾನು ಸುಮ್ಮನಿರದೆ, “ನಿಲ್ಲೋದಕ್ಕೂ ಬರಲ್ಲ ಅವಳಿಗೆ, ಬೆನ್ನು ನೇರ ಇಟ್ಕೋ ಅಂತ ಫೋನ್ ಮಾಡಿ ಹೇಳ್ತೀನಿ” ಎಂದೆ. ಅಷ್ಟೇ ನೋಡು. ನಿನ್ನ ಅತ್ತಿಗೆ ಕೈಯಲ್ಲಿದ್ದ ಸೌಟು ಕೆಳಗಿಟ್ಟು ಎಲ್ಲವನ್ನೂ ಹೇಳಿದಳು. ಗಂಟುನೋವು, ಮಾತ್ರೆ, ಊತ, ಹರಿದ ಹೊಲಿಗೆ, ಎಲ್ಲ. ನನಗೆ ಹೇಳಬೇಡ ಎಂದು ನೀನು ಅವಳಿಂದ ಮಾತು ತೆಗೆದುಕೊಂಡದ್ದನ್ನೂ ಹೇಳಿದಳು. “ಅಣ್ಣಂಗೆ ಹೇಳ್ಬೇಡಿ ಅತ್ತಿಗೆ, ಕಾಯಿಲೆಗೂ ಟೇಪು ಹಿಡಿದು ಅಳೀತಾನೆ” ಎಂದೆಯಂತೆ.

ಆ ಮಾತು ಕೇಳಿ ನಗು ಬರಬೇಕಿತ್ತು, ನಿನ್ನ ಮಾತೇ ಹಾಗಲ್ಲವೇ. ಆದರೆ ನನಗೆ ನಾಚಿಕೆಯಿಂದ ಕೂತಲ್ಲಿ ಕೂರಲಾಗಲಿಲ್ಲ. ಅಪ್ಪ ಹೋದ ಮೇಲೆ ನಿನ್ನನ್ನು ಬೆಳೆಸಿದವನು ನಾನೆಂದು ಎದೆ ಉಬ್ಬಿಸಿಕೊಂಡು ತಿರುಗಿದವನು, ಹಾಸಿಗೆಯಿಂದ ಏಳಲಾಗದ ನೋವಿದ್ದಾಗ ನೀನು ಯಾರಿಗೆ ಹೇಳಬಾರದು ಎಂದು ಯೋಚಿಸಿದೆಯೋ ಅವನು ನಾನೇ ಆದೆ. ಹೀಗೆ ಸಲಹೆ ಕೊಟ್ಟು ಕೊಟ್ಟು ನಾನು ಎಷ್ಟು ಜನರ ಬಾಯಿ ಮುಚ್ಚಿಸಿದ್ದೇನೋ ಗೊತ್ತಿಲ್ಲ. ಅವರು ಹೇಳಲು ಬಂದದ್ದು ಒಂದಿರುತ್ತದೆ, ಅಷ್ಟರಲ್ಲಿ ನನ್ನದೊಂದು ಪರಿಹಾರ ಮೈಮೇಲೆ ಬೀಳುತ್ತದೆ, “ಆಯ್ತು ಮಾಸ್ಟ್ರೇ” ಎಂದು ಎದ್ದುಹೋಗುತ್ತಾರೆ. ನಾನು ಒಳ್ಳೆಯದು ಮಾಡಿದೆ ಎಂದುಕೊಂಡು ಯಂತ್ರ ತುಳಿಯುತ್ತೇನೆ. ಪ್ರೀತಿಯಿಂದಲೇ ಹೇಳಿದ್ದು ಎಂದು ಬರೆಯಲು ಹೋದೆ. ಪ್ರೀತಿಯಿದ್ದರೆ ಮೊದಲು ಹೇಗಿದ್ದೀಯ ಎಂದು ಕೇಳಿ ಉತ್ತರಕ್ಕೆ ಕಾಯುತ್ತಿದ್ದೆನಲ್ಲವೇ?

ಅಪ್ಪನ ನೆನಪಾಗುತ್ತಿದೆ. ಅಳತೆ ತೆಗೆಯುವಾಗ ಅವರು ಬಾಯಲ್ಲಿ ಗುಂಡುಸೂಜಿಗಳನ್ನು ಕಚ್ಚಿಕೊಂಡೇ ಇರುತ್ತಿದ್ದರು. ಬೇಕಾದಾಗ ಕೈಗೆ ಸಿಗಲಿ ಎಂದು ಹಾಗೆ ಮಾಡುತ್ತಾರೆ ಎಂದು ನಾನು ತಿಳಿದಿದ್ದೆ. ಅಳತೆಗೆ ಗುಂಡುಸೂಜಿ ಯಾತಕ್ಕೆ ಬೇಕು, ಹೇಳು? ಕುಂಟರು, ಬಸುರಿಯರು, ಕುಡಿದು ಬಂದವರು, ಯಾರೇ ನಿಂತರೂ ಅವರ ಬಾಯಿಂದ ಒಂದು ಮಾತು ಬಂದದ್ದು ನನಗೆ ನೆನಪಿಲ್ಲ. ಅಳತೆಯನ್ನೂ ಕೂಗುತ್ತಿರಲಿಲ್ಲ, ತಾವೇ ಬರೆದುಕೊಳ್ಳುತ್ತಿದ್ದರು. ಈಗ ನಾನೂ ಕಚ್ಚಿಕೊಳ್ಳಲು ಶುರುಮಾಡಿದ್ದೇನೆ. ಹಲ್ಲಿನ ಡಾಕ್ಟರು ಶರ್ಟಿನ ಅಳತೆ ಕೊಡಲು ಬಂದಿದ್ದವರು, ಹೀಗೆ ಕಚ್ಚಿದರೆ ಹಲ್ಲು ಸವೆಯುತ್ತದೆ ಎಂದು ತೋಳು ಅಳೆದು ಮುಗಿಯುವವರೆಗೂ ಉಪದೇಶ ಮಾಡಿದರು. ಬಾಯಲ್ಲಿ ಸೂಜಿಯಿತ್ತಲ್ಲ, ಎದುರು ಮಾತಾಡಲಾಗಲಿಲ್ಲ. ಕಾಜಾ ಅಕ್ಕ ಮೂಲೆಯಲ್ಲಿ ಕೂತು ಒಬ್ಬಳೇ ನಗುತ್ತಿದ್ದಳು.

ಅತ್ತಿಗೆಯ ಆಶೀರ್ವಾದಗಳು. ಅವಳು ನಿನ್ನ ಹತ್ತಿರ ಬಂದು ನಾಲ್ಕು ದಿನ ಇರಬೇಕೆಂದಿದ್ದಾಳೆ, ನಿನಗೆ ಅನುಕೂಲವಿದ್ದರೆ ಮಾತ್ರ. ನಾನೂ ಬರಲೇ ಎಂದು ಕೇಳುವ ಧೈರ್ಯ ಇಲ್ಲ. ನನ್ನ ಕಣ್ಣಿನ ತಪ್ಪೆಂದು ನೀನು ಎಲ್ಲರ ಮುಂದೆ ನನ್ನ ಮರ್ಯಾದೆ ಕಾಪಾಡಿದೆ, ಆ ಋಣ ದೊಡ್ಡದು. ಮೈ ಹಗುರವಾಗಲಿ ಎಂದು ಹರಸುವುದಿಲ್ಲ, ನೋವು ಕಡಿಮೆಯಾಗಲಿ ಎಂದು ಹರಸುತ್ತೇನೆ. ಸುಖವಾಗಿರು.

ಇಂತಿ ನಿನ್ನ,
ಟೇಪು ಕೆಳಗಿಟ್ಟ ಅಣ್ಣ

ತಾ.ಕ.: ಕವರು ಅಂಟಿಸಿ ಮತ್ತೆ ಬಿಡಿಸಿದ್ದೇನೆ. ಬೇಗ ಬರೆದು ಮುಗಿಸುತ್ತೇನೆ, ಇಲ್ಲದಿದ್ದರೆ ಮತ್ತೆ ಹೆದರಿಕೆಯಾಗುತ್ತದೆ. ಕಣ್ಣಿನ ಡಾಕ್ಟರು ನೋಡಿ, ಈ ವಯಸ್ಸಿಗೆ ಇಂಥ ಕಣ್ಣು ಅಪರೂಪ, ಏನೂ ಬೇಡ ಎಂದು ಕಳಿಸಿದ್ದರು. ಅತ್ತಿಗೆ ಹೊರಗೆ ಕೂತಿದ್ದಳು. ನಾನು ಅವಳನ್ನು ಮನೆಗೆ ಕಳಿಸಿ, ಪಕ್ಕದ ಅಂಗಡಿಯಲ್ಲಿ ಪವರ್ ಇಲ್ಲದ ಗಾಜಿನ ಕನ್ನಡಕ ಕೊಂಡು ಹಾಕಿಕೊಂಡೆ. ನಿನ್ನೆ ಅವಳು ಸೂಜಿಗೆ ದಾರ ಪೋಣಿಸಲೆಂದು ಅದನ್ನು ಹಾಕಿಕೊಂಡು, “ಇದ್ರಲ್ಲಿ ಏನೂ ಇಲ್ವಲ್ಲ” ಎಂದಳು. ಆಮೇಲೆ ನನ್ನ ಮುಖ ನೋಡಿ, ಅದನ್ನು ಕಳಚಿ ಮೇಜಿನ ಮೇಲಿಟ್ಟು ಒಳಗೆ ಹೋದಳು.

ನಿನ್ನ ಅಳತೆ ನಾನು ಸರಿಯಾಗಿಯೇ ತೆಗೆದಿದ್ದೆ. ರಟ್ಟಿನ ಮೇಲೂ ಸರಿಯಾಗಿಯೇ ಇತ್ತು. ಎರಡು ಬೆರಳು ಬಿಗಿಯಾಗಿ ಬೇಕೆಂದೇ ಕತ್ತರಿಸಿದೆ. ಕೋಟು ಹಿಡಿಸಬೇಕೆಂಬ ಹಟದಿಂದಲಾದರೂ ನೀನು ಮೈ ಇಳಿಸುತ್ತೀಯ ಎಂದುಕೊಂಡೆ. ಕಾಜಾ ಅಕ್ಕ “ಕಮ್ಮಿ ಆಗಲ್ವಾ ಮಾಸ್ಟ್ರೇ?” ಎಂದು ಕೇಳಿದಳು, “ನೀನು ನಿನ್ನ ಗುಂಡಿ ನೋಡ್ಕೋ” ಎಂದೆ. ಮಾರ್ಜಿನ್ ಬಟ್ಟೆ ಮೊದಲು ಬಿಟ್ಟಿದ್ದೆ. ಆಮೇಲೆ, ನೀನು ಬೇರೆ ಕಡೆ ಬಿಚ್ಚಿಸಿ ಸಡಿಲ ಮಾಡಿಸಿಕೊಂಡುಬಿಡುತ್ತೀಯ ಎಂದು ತೋಚಿ, ಅದನ್ನೂ ಕತ್ತರಿಸಿ ತೆಗೆದೆ. ಅಲ್ಲಿಯ ಟೈಲರ್ ನನ್ನನ್ನು ಅಂದದ್ದು ಕಡಿಮೆಯೇ ಆಯಿತು.

ಅದೇ ನೀಲಿ ಬಟ್ಟೆ ಇನ್ನೊಂದು ಕೋಟಿಗಾಗುವಷ್ಟು ತಂದಿಟ್ಟಿದ್ದೇನೆ. ಗೆರೆ ಎಳೆದಿಲ್ಲ, ಕತ್ತರಿ ಮುಟ್ಟಿಸಿಲ್ಲ. ಆ ಟೈಲರ್ ಹತ್ತಿರವೇ ಹೊಲಿಸುತ್ತೇನೆ ಎಂದು ನೀನೆಂದರೆ ಹಾಗೇ ಮಡಚಿ ಕಳಿಸುತ್ತೇನೆ. ಬೇಡ ಎಂದರೂ ಸರಿ. ಆದರೆ ನಮ್ಮಣ್ಣನ ಕಣ್ಣು ಸರಿಯಿಲ್ಲ ಎಂದು ಇನ್ನು ಯಾರ ಮುಂದೆಯೂ ಹೇಳಬೇಡ ಗುಬ್ಬಿ. ನನಗೆ ಚೆನ್ನಾಗಿಯೇ ಕಾಣುತ್ತಿತ್ತು.